ಜೆಲ್ ಗಟ್ಟಿಯಾದರೆ ಅಯಾನು ಓಡಾಡೋದು ಹೇಗೆ?

ಹಾಸನಕ್ಕೆ ಬಂದಾಗೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ಮೊನ್ನೆ ಸಕಲೇಶಪುರದ ಬಸ್ಸಿನಲ್ಲಿ ಅಕ್ಕನ ಮಗಳು ಕೇಳಿದಳು: "ಮಾವ, ಬೆಳಕು ಬಿಟ್ಟು ಜೆಲ್ ಗಟ್ಟಿ ಮಾಡ್ತೀರಿ ಸರಿ, ಆಮೇಲೆ ಅಯಾನು ಓಡಾಡೋಕೆ ಜಾಗ ಎಲ್ಲಿರುತ್ತೆ?" ನಾನು ಮಾಡುವುದು ಅಯಾನೋಜೆಲ್, ಅಂದರೆ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಓಡಾಡುವ ದ್ರವವನ್ನು ಬಲೆಯಲ್ಲಿ ಹಿಡಿದಿಟ್ಟ ಜೆಲ್. ಅವು ಓಡಾಡಿದರೇನೇ ಅದರಲ್ಲಿ ವಿದ್ಯುತ್ ಸಾಗುವುದು. ನಮ್ಮ ಕೆಲಸದ ನಿಜವಾದ ಕಷ್ಟ ಇರುವುದೇ ಅಲ್ಲಿ.

ಹಲ್ಲಿನ ಡಾಕ್ಟರು ಹುಳುಕು ತುಂಬಿ ನೀಲಿ ಲೈಟ್ ಹಿಡಿಯುತ್ತಾರೆ, ಮೆತ್ತಗಿದ್ದದ್ದು ಅಲ್ಲೇ ಗಟ್ಟಿಯಾಗುತ್ತದೆ ಅಲ್ವಾ? ನಮ್ಮದೂ ಅದೇ ಬಗೆ. ಅಯಾನಿಕ್ ದ್ರವ ಅಂದರೆ ಬಿಸಿ ಮಾಡದೆಯೇ ಹರಿಯುವ ಉಪ್ಪು. ಅದರಲ್ಲಿ ಅಕ್ರಿಲೇಟ್‌ನಂಥ ಸಣ್ಣ ಅಣುಗಳನ್ನೂ, ಬೆಳಕು ಬಿದ್ದರೆ ಒಡೆದು ಸರಪಳಿ ಶುರುಮಾಡುವ ಇನಿಷಿಯೇಟರನ್ನೂ ಕರಗಿಸಿ, 365 ನ್ಯಾನೋಮೀಟರ್ ಯುವಿ ದೀಪ ಹಚ್ಚುತ್ತೇವೆ. ಸಣ್ಣ ಅಣುಗಳು ಸರಪಳಿಯಾಗಿ, ಸರಪಳಿಗಳ ನಡುವೆ ಗಂಟು ಬಿದ್ದು, ದ್ರವವನ್ನು ಹಿಡಿದಿಡುವ ಬಲೆಯಾಗುತ್ತದೆ.

ಗಂಟು ಜಾಸ್ತಿಯಾದಷ್ಟೂ ಜೆಲ್ ಬಿಗಿ. ಆದರೆ ಹಾಕುತ್ತಲೇ ಹೋದರೆ ಅಯಾನು ನಿಧಾನವಾಗುತ್ತದೆ, ಬಾಗಿಸಿದರೆ ಜೆಲ್ ಪಟ್ ಅಂತ ಮುರಿಯುತ್ತದೆ. ಸುಮ್ನೆ ದೀಪವನ್ನು ಹೆಚ್ಚು ಹೊತ್ತು ಉರಿಸಿದರೂ ಆಗದು, ಅಣುಗಳೆಲ್ಲ ಸೇರಿಕೊಂಡ ಮೇಲೆ ಬೆಳಕಿಗೆ ಕೆಲಸವೇ ಉಳಿಯುವುದಿಲ್ಲ. ನನ್ನ ಮೊದಲ ತುಂಡುಗಳ ಮೇಲ್ಮೈ ಎಷ್ಟು ಹೊತ್ತು ಇಟ್ಟರೂ ಅಂಟಂಟಾಗಿಯೇ ಇತ್ತು. ಗಾಳಿಯ ಆಮ್ಲಜನಕ ಸರಪಳಿ ಬೆಳೆಯಲು ಬಿಡುತ್ತಿರಲಿಲ್ಲ. ನೈಟ್ರೋಜನ್ ಹಾಯಿಸಿ, ಮೇಲೆ ಗಾಜು ಮುಚ್ಚಿದ ಮೇಲೆ ಸರಿಹೋಯಿತು.

ಹಾಗಾದರೆ ಬಿಗಿಯೂ ಬೇಕು, ಓಡಾಟವೂ ಬೇಕು ಅಂದರೆ? ನನಗೆ ತುಂಬ ಇಷ್ಟವಾದ ದಾರಿಯನ್ನು ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಡಿಕಿ ಮತ್ತು ಜೊತೆಗಾರರು 2022ರಲ್ಲಿ ಪ್ರಕಟಿಸಿದರು. ಅವರು ಅಕ್ರಿಲಮೈಡ್, ಅಕ್ರಿಲಿಕ್ ಆಮ್ಲ ಎಂಬ ಎರಡು ಬಗೆಯ ಸಣ್ಣ ಅಣುಗಳನ್ನೂ ಒಂದೇ ಅಯಾನಿಕ್ ದ್ರವದಲ್ಲಿ ಹಾಕಿ ಬೆಳಕು ಬಿಟ್ಟರು. ಸರಪಳಿ ಬೆಳೆದಂತೆ ಅಕ್ರಿಲಮೈಡ್ ಹೆಚ್ಚಿರುವ ಭಾಗಕ್ಕೆ ಆ ದ್ರವ ಹಿಡಿಸುವುದಿಲ್ಲ. ಅದು ಒಟ್ಟುಗೂಡಿ, ಹೈಡ್ರೋಜನ್ ಬಂಧಗಳಿಂದ (ಸರಪಳಿಗಳು ಒಂದನ್ನೊಂದು ಹಿಡಿದುಕೊಳ್ಳುವ, ಎಳೆದರೆ ಬಿಡುವ ಹಿಡಿತ) ಗಟ್ಟಿ ಗುಂಪಾಗುತ್ತದೆ. ಅಕ್ರಿಲಿಕ್ ಆಮ್ಲ ಹೆಚ್ಚಿರುವ ಭಾಗ ದ್ರವ ತುಂಬಿಕೊಂಡು ಮೆತ್ತಗೇ ಉಳಿಯುತ್ತದೆ. ಬಿಗಿತ ಸುಮಾರು 46 ಮೆಗಾಪ್ಯಾಸ್ಕಲ್ ಮುಟ್ಟಿತು, ಮಾಮೂಲಿ ಮೆತ್ತನೆಯ ಜೆಲ್‌ಗಳಿಗಿಂತ ಎಷ್ಟೋ ಪಾಲು ಜಾಸ್ತಿ. ಎಳೆದಾಗ ಗುಂಪಿನ ಬಂಧಗಳು ಮೊದಲು ಬಿಡುತ್ತವೆ, ಆ ಪೆಟ್ಟನ್ನು ತಾವು ತಗೊಳ್ಳುತ್ತವೆ, ಬಲೆ ಸುಲಭವಾಗಿ ಕಿತ್ತುಹೋಗುವುದಿಲ್ಲ.

ಹುಡುಗಿಗೆ ಹೇಳಿದ್ದು ಇದನ್ನೇ: ಎಲ್ಲ ಕಡೆಯೂ ಗಟ್ಟಿ ಮಾಡಲ್ಲ ಕಣಮ್ಮ, ಅಯಾನಿಗೆ ಮೆತ್ತನೆ ದಾರಿ ಬಿಟ್ಟಿರ್ತೀವಿ. ಅವಳು ಕಿಟಕಿಯ ಹೊರಗಿನ ಮಳೆ ನೋಡುತ್ತಾ, "ಇದನ್ನ ಇಲ್ಲಿಟ್ರೆ?" ಅಂದಳು. ಅದೂ ಒಳ್ಳೆಯ ಪ್ರಶ್ನೆ. ಎಷ್ಟೋ ಅಯಾನಿಕ್ ದ್ರವಗಳು ಗಾಳಿಯ ತೇವ ಹೀರುತ್ತವೆ, ನೀರು ಆ ಬಂಧಗಳ ನಡುವೆ ನುಗ್ಗಿದರೆ ಜೆಲ್ ಮತ್ತೆ ಮೆತ್ತಗಾಗುತ್ತದೆ. ಅದಕ್ಕೇ ಈ ಮಳೆಗಾಲ ಒಂದಷ್ಟು ತುಂಡುಗಳನ್ನು ಸಕಲೇಶಪುರದ ಮನೆಯಲ್ಲೇ ಬಿಟ್ಟು ಬಂದಿದ್ದೇನೆ.