ಖಂಡೇ ಪೂಜೆಯ ದಿನ ಹೆಲಿಕಾಪ್ಟರಿಗೆ ಕುಂಕುಮ ಎಲ್ಲಿ ಹಚ್ಚಬೇಕು

ಮಹಾನವಮಿ ಬಂತೆಂದರೆ ಬೆಳಗಾವಿ ಸೀಮೆಯಲ್ಲಿ ಕುಡಗೋಲು, ಕುರ್ಪಿ, ನೇಗಿಲು, ಟ್ರ್ಯಾಕ್ಟರ್ ಎಲ್ಲ ಮಿಂದು ಸಾಲಾಗಿ ನಿಲ್ಲುತ್ತವೆ. ಖಂಡೆ ಎಂದರೆ ಕತ್ತಿಯೇ ಆದರೂ, ಅನ್ನ ಕೊಡುವ, ಜೀವ ಕಾಯುವ ಯಾವ ಹತಾರಕ್ಕೂ ಅಂದು ಕುಂಕುಮವಿದೆ. ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಮಿಲಿಟರಿ ಮಹಾದೇವನ ಗುಡಿ, ಸಾಂಬ್ರಾದಲ್ಲಿ ವಾಯುಪಡೆಯ ನೆಲೆ ಇರುವ ಊರು ಇದು. ಹೆಲಿಕಾಪ್ಟರ್ ಹಾರಿಸುವ ಮಗನಿಗೆ ಮನೆಯವರು ಫೋನ್ ಮಾಡಿ, "ಅದಕ್ಕೂ ಪೂಜಿ ಮಾಡಿದ್ರೇನಪಾ?" ಎಂದು ಕೇಳುವುದು ಸಹಜ. ಪೂಜೆ ಆಗಲೇಬೇಕು. ಆದರೆ ಈ ದೇವರಿಗೆ ಮಡಿ ಬಹಳ.

ಮೊದಲು ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೂ ಪಿಟೋ ಕೊಳವೆಗೂ ಕೆಂಪು ಪಟ್ಟಿಯ ಮುಚ್ಚಳ ಹಾಕಿರಬೇಕು. ಪಿಟೋ ಎಂದರೆ ಎದುರುಗಾಳಿಯ ಒತ್ತಡ ಹಿಡಿದು ವೇಗ ತಿಳಿಸುವ ಸಣ್ಣ ಕೊಳವೆ. ಅದರ ಬಾಯಲ್ಲಿ ಕಲಸಿದ ಅರಿಷಿಣ ಮೆತ್ತಿಕೊಂಡು ಒಣಗಿದರೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ. ಎತ್ತರ ತೋರಿಸುವ ಮೀಟರಿಗೆ ಗಾಳಿಯ ಒತ್ತಡ ಮುಟ್ಟಿಸುವ ಸಣ್ಣ ರಂಧ್ರಗಳೂ ಹಾಗೆಯೇ. ಅವುಗಳ ಹತ್ತಿರ ಬೆರಳೂ ಹೋಗಬಾರದು. ಬಾಗಿಲ ಕೆಳಗಿನ ಬಣ್ಣ ಬಳಿದ ತಗಡಿಗೆ ಒಂದೇ ಒಂದು ಬೊಟ್ಟು ಸಾಕು. ಮುಂದಿನ ಗಾಜಿಗೆ ಬೇಡ, ಒರೆಸುವಾಗ ಪುಡಿ ಉಜ್ಜಿ ಗೀರು ಬೀಳುತ್ತದೆ. ಹಾರವನ್ನು ರೋಟರಿನ, ಅಂದರೆ ಮೇಲೆ ತಿರುಗುವ ರೆಕ್ಕೆಗಳ, ತಲೆಗೇ ಹಾಕಬೇಕೆಂದು ಯಾರಿಗಾದರೂ ಅನ್ನಿಸುತ್ತದೆ, ಯಂತ್ರದ ಶಿರಸ್ಸು ಅದೇ ಅಲ್ಲವೇ! ಆದರೆ ಅಲ್ಲಿ ಒಂದೆಳೆ ನೂಲು ಉಳಿದರೂ ರೆಕ್ಕೆ ತಿರುಚುವ ಕೀಲುಗಳಿಗೆ ಸುತ್ತಿಕೊಳ್ಳಬಹುದು. ಕಾಯಿ ಒಡೆಯುವುದು, ಕರ್ಪೂರ ಬೆಳಗುವುದು ಹೆಲಿಕಾಪ್ಟರ್ ನಿಲ್ಲಿಸುವ ಹ್ಯಾಂಗರಿನ ಹೊರಗೆ, ಇಂಧನದ ಆವಿ ಸುಳಿಯದಷ್ಟು ದೂರದಲ್ಲಿ. ಚಿಪ್ಪಿನ ಚೂರು ನೆಲದಲ್ಲಿ ಉಳಿದರೆ ರೋಟರಿನ ಗಾಳಿಗೆ ಮೇಲೆದ್ದು ಎಂಜಿನ್ನಿನೊಳಗೆ ನುಗ್ಗೀತು. ಎಂಜಿನ್ನಿನ ಗಾಳಿ ಒತ್ತುವ ಕಂಪ್ರೆಸರಿನ ಅಲಗು ಮುಕ್ಕಾಗಲು ಅಷ್ಟೇ ಸಾಕು.

ಇಷ್ಟು ಬಿಗಿ ಯಾಕೆಂದರೆ, ಯುದ್ಧದಲ್ಲಿ ಈ ಯಂತ್ರವನ್ನು ನಂಬಿ ಕೂತವರು ಬಹಳ. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಇಂದಿನ ಬಾಂಗ್ಲಾದೇಶದ ಆಶುಗಂಜ್ ಬಳಿ ಮೇಘನಾ ನದಿಯ ಸೇತುವೆಯನ್ನು ಶತ್ರು ಒಡೆದುಹಾಕಿದಾಗ, ನಮ್ಮ ಮಿ-4 ಹೆಲಿಕಾಪ್ಟರುಗಳೇ ಸೇತುವೆಯಾದವು. ಡಿಸೆಂಬರ್ 9ರಿಂದ ಹಗಲೂ ರಾತ್ರಿ ಸೈನಿಕರನ್ನು ಹೊತ್ತು ಆಚೆ ದಡಕ್ಕೆ ಇಳಿಸಿದವು. ಕತ್ತಲಲ್ಲಿ ಇಳಿಯುವ ಜಾಗಕ್ಕೆ ಗುರುತು ಕೈ ಟಾರ್ಚುಗಳ ಬೆಳಕು. 1984ರ ಏಪ್ರಿಲ್ 13ರಂದು ಸಿಯಾಚಿನ್ನಿನ ಬಿಲಾಫೋಂಡ್ ಲಾ ಕಣಿವೆದಾರಿಗೆ ಮೊದಲ ತುಕಡಿಯನ್ನು ಇಳಿಸಿದ್ದು ಚೀತಾ ಹೆಲಿಕಾಪ್ಟರ್. ಸುಮಾರು 5,400 ಮೀಟರ್ ಎತ್ತರ ಅದು. ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಎಂಜಿನ್ನಿಗೆ ಉಸಿರಿಲ್ಲ, ರೆಕ್ಕೆಗೆ ಹಿಡಿತವಿಲ್ಲ. ಅದಕ್ಕೂ ಮೇಲಿನ ಠಾಣೆಗಳಿಗೆ ಒಂದು ಸಲಕ್ಕೆ ಒಯ್ಯುವುದು ಕೆಲವೊಮ್ಮೆ ಒಂದೇ ಕ್ಯಾನ್ ಸೀಮೆಎಣ್ಣೆ. ಅಲ್ಲಿ ಎಂಜಿನ್ ಆರಿಸುವಂತಿಲ್ಲ, ಮತ್ತೆ ಹೊತ್ತದಿದ್ದರೆ ಗತಿಯಿಲ್ಲ. ಆ ಒಂದು ಕ್ಯಾನಿನಲ್ಲೇ ಹಿಮದೊಳಗಿನ ಡೇರೆಯ ಒಲೆ ಉರಿಯಬೇಕು.

ಇತ್ತ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ನವರಾತ್ರಿಯ ಉದ್ದಕ್ಕೂ ಜನ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಗಡಿಯಲ್ಲಿರುವ ಮಗನ ಹೆಸರು ಹೇಳಿ, "ಉಧೋ" ಎಂದು ಎರೆಯುವ ತಾಯಿಯ ಹರಕೆಗೂ ಹ್ಯಾಂಗರಿನ ಕೆಲಸಕ್ಕೂ ನೆಂಟಸ್ತಿಕೆ ಇದೆ ಎಂದೇ ನನ್ನ ನಂಬಿಕೆ. ದೀಪಕ್ಕೆ ಧಾರೆ ತೆಳ್ಳಗಿರಬೇಕು. ಒಮ್ಮೆಲೇ ಸುರಿದರೆ ಬತ್ತಿ ಮುಳುಗಿ ದೀಪ ಆರುತ್ತದೆ, ತಡವಾದರೆ ಬತ್ತಿಯೇ ಸುಟ್ಟು ಕರಕಾಗುತ್ತದೆ. ರೋಟರ್ ತಿರುಗಿಸುವ ಗೇರ್‌ಬಾಕ್ಸಿಗೂ ಒಂದು ಗಾಜಿನ ಕಣ್ಣಿದೆ. ಅದರಲ್ಲಿ ಎಣ್ಣೆ ಎರಡು ಗೆರೆಗಳ ನಡುವೆ ನಿಂತಿರಬೇಕು: ಕಮ್ಮಿಯಾದರೆ ಗೇರಿನ ಹಲ್ಲು ಕಾದು ಸವೆಯುತ್ತದೆ, ಹೆಚ್ಚಾದರೆ ನೊರೆಯೆದ್ದು ಎಣ್ಣೆಯೇ ಕಾಯುತ್ತದೆ. ಹಾರುವ ಮುನ್ನ ಪೈಲಟ್ ಯಂತ್ರದ ಸುತ್ತ ಒಂದು ಸುತ್ತು ಬಂದು, ಆ ಕಣ್ಣನ್ನು ಬಗ್ಗಿ ನೋಡಿ, ಬೋಲ್ಟು ಸಡಿಲಾಗದಂತೆ ಕಟ್ಟಿದ ತಂತಿ ಬಿಗಿಯಿದೆಯೇ ಎಂದು ಮುಟ್ಟಿ, ಬಾಲದ ರೋಟರಿನವರೆಗೆ ಹೋಗಿ ಬರುತ್ತಾನೆ. ಪ್ರದಕ್ಷಿಣೆ ಎನ್ನಲು ನನಗೆ ಅಳುಕಿಲ್ಲ.

ದಶಮಿಯ ಸಂಜೆ ಊರಲ್ಲಿ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎನ್ನುತ್ತಾರೆ. ಹ್ಯಾಂಗರಿನಲ್ಲಿ ಮಾತ್ರ ಮೊದಲ ಹಾರಾಟಕ್ಕೆ ಮುನ್ನ ಹಾರ ಇಳಿಸಿ, ಉದುರಿದ ಚೆಂಡುಹೂವಿನ ಎಸಳು ಒಂದೂ ಬಿಡದೆ ಹೆಕ್ಕಬೇಕು. ಕೆಂಪು ಮುಚ್ಚಳಗಳನ್ನು ಎಣಿಸಿ ತೆಗೆಯಬೇಕು. ಅವ್ವ ಕಳಿಸಿದ ಭಂಡಾರದ, ಅಂದರೆ ಎಲ್ಲಮ್ಮನ ಅರಿಷಿಣ ಪುಡಿಯ, ಪೊಟ್ಟಣ ಪೈಲಟ್‌ನ ಜಿಪ್ ಜೇಬಿನಲ್ಲಿ, ಎದೆಯ ಮೇಲೆ ಇರಲಿ. ಹಣೆಗೆ ಹಚ್ಚಿಕೊಳ್ಳುವುದು ನೆಲದ ಮೇಲಿರುವಾಗಲೇ; ಕಾಕ್‌ಪಿಟ್ಟಿನಲ್ಲಿ ಆ ಪೊಟ್ಟಣ ಬಿಚ್ಚುವಂತಿಲ್ಲ.