ತಲೆಗೆ ಹೇನು, ಹಾಸಿಗೆಗೆ ಶಿಕ್ಷೆ

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಬಾಲಕಿಯರ ಹಾಸ್ಟೆಲಿನಲ್ಲಿ ನಾನು ವಾರ್ಡನ್. ಐದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗಿನ ಮಕ್ಕಳು. ಊಟ, ನೀರು, ಜ್ವರ, ಪರೀಕ್ಷೆ ಇವುಗಳ ಜೊತೆಗೆ ಪ್ರತಿ ವರ್ಷ ತಪ್ಪದೆ ಬರುವ ಇನ್ನೊಂದು ಕೆಲಸ ಹೇನು. ಒಬ್ಬಳ ತಲೆಯಲ್ಲಿ ಕಂಡಿತು ಅನ್ನುವಷ್ಟರಲ್ಲಿ ಅಡುಗೆಯವರಿಂದ ಹಿಡಿದು ಪೋಷಕರವರೆಗೆ ಎಲ್ಲರದೂ ಒಂದೇ ಮಾತು: "ಮೊದಲು ಹಾಸಿಗೆಗಳನ್ನೆಲ್ಲ ಆಚೆ ಹಾಕ್ಸಿ ಮೇಡಂ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ಇದು.

ಹಾಸಿಗೆ ಆಚೆ ಹಾಕುವುದು, ಎಲ್ಲ ರಗ್ಗು ನೆನೆಸಿ ಒಗೆಯುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತರುವ ಎಚ್‌ಎನ್ ವ್ಯಾಲಿ ಯೋಜನೆಯ ನೀರು ಕೆರೆಗೆ ಬಂತು, ಸಂತೋಷ, ಆದರೆ ಅದು ಅಂತರ್ಜಲ ಏರಲಿ ಎಂದು ಬಿಟ್ಟ ನೀರು. ನಮ್ಮ ಸಿಂಟೆಕ್ಸ್ ತುಂಬಬೇಕಾದರೆ ಈಗಲೂ ಬೋರ್‌ವೆಲ್ಲೇ ಕೆಮ್ಮಬೇಕು, ಇಲ್ಲವೇ ಟ್ಯಾಂಕರ್ ಬರಬೇಕು. ನೀರು ಗಡಸು, ಸೋಪು ಉಜ್ಜಿದಷ್ಟೂ ನೊರೆ ಬರುವುದಿಲ್ಲ. ನೆನೆದ ಒಂದು ರಗ್ಗನ್ನು ಹಿಂಡಲು ಇಬ್ಬರು ಬೇಕು. ಅಷ್ಟೂ ರಗ್ಗು ಒಗೆದರೆ, ಔಷಧಿ ಹಚ್ಚಿದ ತಲೆಗಳನ್ನು ತೊಳೆಯಲು ಇಟ್ಟ ನೀರೇ ಖಾಲಿ. ಹಾಗಾಗಿ ಯಾವುದನ್ನು ಒಗೆಯಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆ.

ತಲೆಹೇನಿನ ಬದುಕು ತಿಳಿದರೆ ಉತ್ತರ ಸಿಗುತ್ತದೆ. ಅದಕ್ಕೆ ಹೊತ್ತು ಹೊತ್ತಿಗೆ ರಕ್ತ ಬೇಕು, ನೆತ್ತಿಯ ಬಿಸಿ ಬೇಕು. ತಲೆಯಿಂದ ಕೆಳಗೆ ಬಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಅದಕ್ಕೆ ರೆಕ್ಕೆ ಇಲ್ಲ, ನೆಗೆಯಲೂ ಬರುವುದಿಲ್ಲ. ಕಾಲಿನ ಕೊಕ್ಕೆಗಳಿಂದ ಕೂದಲನ್ನು ತಬ್ಬಿಕೊಂಡು ತೆವಳುವುದೊಂದೇ ಗೊತ್ತು. ಸೀರಿನ, ಅಂದರೆ ಹೇನಿನ ಮೊಟ್ಟೆಯ ಕಥೆ ಇನ್ನೂ ಸುಲಭ. ಕೂದಲ ಬುಡಕ್ಕೆ ಅಂಟಿರುವಷ್ಟು ದಿನ ಅದು ಮರಿಯಾಗುತ್ತದೆ. ಕೂದಲು ಉದುರಿ ದಿಂಬಿನ ಮೇಲೆ ಬಿದ್ದರೆ ಆ ಬಿಸಿ ಸಿಗದೆ ವಾರದೊಳಗೆ ಸತ್ತುಹೋಗುತ್ತದೆ. ಹಾಸಿಗೆಯಲ್ಲಿ ಹೇನು ಮೊಟ್ಟೆಯಿಟ್ಟು ಸಂಸಾರ ಹೂಡುತ್ತದೆ ಅನ್ನುವುದು ನಿಜವಲ್ಲ.

ಆ ಭಯ ಎಲ್ಲಿಂದ ಬಂತು ಎಂದರೆ ನನಗನ್ನಿಸುವುದು ಕೂರೆಯಿಂದ. ಅದೂ ಹೇನಿನ ಜಾತಿಯೇ, ಆದರೆ ವಾಸ ಮಾಡುವುದು ಬಟ್ಟೆಯ ಹೊಲಿಗೆಯಲ್ಲಿ, ಮೊಟ್ಟೆಯಿಡುವುದೂ ಅಲ್ಲೇ. ಟೈಫಸ್‌ನಂಥ ಕಾಯಿಲೆ ಹರಡುವುದೂ ಅದೇ. ಕೂರೆ ಕಾಲದ ಅಜ್ಜಿಯರು ಬಟ್ಟೆ ಬರೆಯನ್ನೆಲ್ಲ ಹಂಡೆಗೆ ಹಾಕಿ ಕುದಿಸುತ್ತಿದ್ದುದು ಸರಿಯಾಗಿಯೇ ಇತ್ತು. ತಲೆಹೇನು ಅಂಥ ಕಾಯಿಲೆ ಹರಡುವುದಿಲ್ಲ. ಇನ್ನು ತಿಗಣೆ. ಕಬ್ಬಿಣದ ಮಂಚದ ಸಂದಿಯಲ್ಲಿ ಕೂತು, ತಿಂಗಳುಗಟ್ಟಲೆ ಉಪವಾಸವಿದ್ದು, ರಾತ್ರಿ ಬಂದು ಕಚ್ಚಿ ಹೋಗುವುದು ಅದು. ಅದರ ವಿರುದ್ಧದ ಯುದ್ಧವೇ ಬೇರೆ. ಮಗು ತಲೆ ಕೆರೆಯುತ್ತಿದೆಯೋ, ಕೈಕಾಲು ಕೆರೆಯುತ್ತಿದೆಯೋ ಎಂದು ಮೊದಲು ನೋಡಿ. ಎಷ್ಟೋ ಕಡೆ ತಿಗಣೆಗೆ ಹೊಡೆಯುವ ಸ್ಪ್ರೇಯನ್ನು ಹೇನಿಗೆ ಅಂತ ಹೊಡೆಯುತ್ತಾರೆ, ಎರಡೂ ಹೋಗುವುದಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಲೆತುಂಬ ಹೇನಿದ್ದ 48 ಜನರ ದಿಂಬಿನ ಗವುಸು ಹುಡುಕಿದಾಗ ಜೀವಂತ ಹೇನು ಸಿಕ್ಕಿದ್ದು 2 ಗವುಸುಗಳಲ್ಲಿ ಮಾತ್ರ. ಇದನ್ನು ಪೋಷಕರ ಸಭೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅವರಿಗೆ ನಾನು ಕೊಡುವ ಪುರಾವೆ ನಮ್ಮ ದಸರಾ ರಜೆ. ರಜೆಯಲ್ಲಿ ಹಾಸ್ಟೆಲಿಗೆ ಬೀಗ, ಹಾಸಿಗೆಗಳು ಖಾಲಿ. ಅಷ್ಟು ದಿನ ಉಪವಾಸ ಬಿದ್ದ ಹೇನು ಒಂದೂ ಬದುಕಿರುವುದಿಲ್ಲ. ಆದರೂ ಶಾಲೆ ಶುರುವಾದ ಮೇಲೆ ಮತ್ತೆ ಹೇನು. ಹಾಸಿಗೆಯಿಂದ ಬಂದಿದ್ದಾದರೆ ಹೇಗೆ ಬಂತು? ಊರಲ್ಲಿ ಅಜ್ಜಿ, ಅಕ್ಕತಂಗಿಯರ ಪಕ್ಕ ಮಲಗಿದ ತಲೆಯ ಜೊತೆಯೇ ಬಂತು. ಈ ಮಾತಿಗೆ ಮಾತ್ರ ಸಭೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ.

ಹಾಗಂತ ಹಾಸಿಗೆಯನ್ನು ಪೂರ್ತಿ ಮರೆಯುವ ಹಾಗಿಲ್ಲ. ಆ ಒಂದೆರಡು ದಿನದ ಅವಧಿಯಲ್ಲಿ ಬಿದ್ದ ಹೇನು ಇನ್ನೊಂದು ತಲೆ ಸಿಕ್ಕರೆ ಹತ್ತಬಹುದು. ನಾವು ಮಾಡುವುದಿಷ್ಟು. ಯಾವ ರೂಮಿನಲ್ಲಿ ಕಂಡಿತೋ ಆ ರೂಮಿನ ಎಲ್ಲರ ತಲೆಯನ್ನೂ ಒಂದೇ ದಿನ ನೋಡುತ್ತೇವೆ. ಹೇನು ಸಿಕ್ಕವರೆಲ್ಲರಿಗೂ ಅಂದೇ ಔಷಧಿ. ಅದೇ ದಿನ ಆ ಮಕ್ಕಳು ಹಿಂದಿನ ಎರಡು ದಿನ ಬಳಸಿದ ದಿಂಬಿನ ಗವುಸು, ಬೆಡ್‌ಶೀಟು, ತಲೆ ಒರೆಸಿದ ಟವೆಲು, ದುಪಟ್ಟಾ, ರಿಬ್ಬನ್ನು, ಸ್ವೆಟರಿನ ಟೋಪಿ ಒಗೆಯುವುದಕ್ಕೆ. ಹೋದ ವಾರದ ಬೆಡ್‌ಶೀಟು ಟ್ರಂಕಿನಲ್ಲಿದ್ದರೆ ಅದು ಟ್ರಂಕಿನಲ್ಲೇ ಇರಲಿ.

ಬರೀ ತಣ್ಣೀರಲ್ಲಿ ಸೋಪು ಹಾಕಿ ಕುಕ್ಕಿದರೆ ಹೇನು ಸಾಯುತ್ತದೆ ಅನ್ನುವ ಭರವಸೆಯಿಲ್ಲ. ಅದನ್ನು ಕೊಲ್ಲುವುದು ಬಿಸಿ. 54 ಡಿಗ್ರಿ ಸೆಲ್ಸಿಯಸ್ ಮೇಲೆ ಐದು ನಿಮಿಷ ಇದ್ದರೆ ಹೇನೂ ಸೀರೂ ಉಳಿಯುವುದಿಲ್ಲ. ಥರ್ಮಾಮೀಟರ್ ಇಲ್ಲದ ಕಡೆ ನಮ್ಮ ಲೆಕ್ಕ ಇದು: ಒಂದು ಬಕೆಟ್ ಕುದಿಯುವ ನೀರಿಗೆ ಒಂದು ಬಕೆಟ್ ತಣ್ಣೀರು. ಸುಮಾರು 60 ಡಿಗ್ರಿ ಆಗುತ್ತದೆ, ಬಟ್ಟೆ ಬಿದ್ದ ಮೇಲೆ ಸ್ವಲ್ಪ ಇಳಿಯುತ್ತದೆ. ಬಟ್ಟೆಯನ್ನು ಕೋಲಿನಿಂದ ಒತ್ತಿ ಪೂರ್ತಿ ಮುಳುಗಿಸಿ, ಮೇಲೆ ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡುತ್ತೇವೆ. ಆ ನೀರಿಗೆ ಮಕ್ಕಳನ್ನು ಹತ್ತಿರ ಸೇರಿಸಬೇಡಿ, ಚರ್ಮ ಸುಡುವ ಬಿಸಿ ಅದು. ತಾರಸಿಯ ಸೋಲಾರ್ ನೀರು ಬೇಸಿಗೆಯಲ್ಲಿ ಸಾಕಾಗಬಹುದು. ಡಿಸೆಂಬರಿನಲ್ಲಿ ನಂದಿಬೆಟ್ಟದ ಕಡೆಯಿಂದ ಮಂಜು ಇಳಿದ ದಿನ ಅದನ್ನು ನಂಬಿಕೊಂಡು ಕೂರಬಾರದು, ಒಲೆ ಹಚ್ಚಲೇಬೇಕು. ಬಾಚಣಿಗೆಗಳನ್ನೂ ಅದೇ ನೀರಿನಲ್ಲಿ ಅದ್ದಿಡುತ್ತೇವೆ. ನೀರು ತೀರಾ ಕಡಿಮೆಯಿದ್ದ ದಿನ ಗವುಸುಗಳನ್ನು ಇಸ್ತ್ರಿ ಅಂಗಡಿಗೆ ಕೊಟ್ಟು, ಹೊಲಿಗೆ ಮೇಲೆ ಚೆನ್ನಾಗಿ ಒತ್ತಿ ಎಂದು ಹೇಳಿ ಕಳಿಸಿದ್ದೂ ಉಂಟು. ಕೆಂಡದ ಇಸ್ತ್ರಿ ಪೆಟ್ಟಿಗೆ ಮುಂದೆ ಯಾವ ಹೇನು ನಿಲ್ಲುತ್ತದೆ!

ರಗ್ಗು, ಕಂಬಳಿ, ದಿಂಬು ಒಗೆಯುವುದಿಲ್ಲ. ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಮೇಲೆ ತಾರೀಖು ಬರೆದು ಸ್ಟೋರ್ ರೂಮಿಗೆ ಹಾಕುತ್ತೇವೆ. ಎರಡು ವಾರ ಬಿಟ್ಟರೆ ಹೇನೂ ಇಲ್ಲ, ಸೀರೂ ಇಲ್ಲ. ಅಷ್ಟು ದಿನಕ್ಕೆ ಬದಲಿ ರಗ್ಗು ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ಅನುಕೂಲದ ಸಂಗತಿ: ತಲೆಯಿಲ್ಲದೆ ಹೇನು ಒಂದೆರಡು ದಿನವಷ್ಟೇ ಬದುಕುವುದರಿಂದ, ರಗ್ಗನ್ನು ಮೂರು ದಿನ ಯಾರೂ ಹೊದೆಯದೆ ಬಿಟ್ಟರೂ ದೊಡ್ಡ ಭಯ ಹೋಯಿತು. ತೆಂಗಿನ ನಾರಿನ ಹಾಸಿಗೆಗಳನ್ನು ಗುಡಿಸಿ, ಉದುರಿದ ಕೂದಲು ತೆಗೆದು, ಒಗೆದ ಬೆಡ್‌ಶೀಟ್ ಹಾಸಿದರೆ ಮುಗಿಯಿತು. ಬಿಸಿಲಿಗೆ ಹಾಕಿದರೆ ವಾಸನೆ ಹೋಗುತ್ತದೆ, ಪೋಷಕರಿಗೂ ಸಮಾಧಾನ.

ಹಾಸಿಗೆ ವಿಷಯದಲ್ಲಿ ಬಟ್ಟೆಗಿಂತ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಮಲಗುವ ರೀತಿಗೆ. ಚಳಿಗಾಲದಲ್ಲಿ ನಮ್ಮ ಕಡೆ ಚಳಿ ಕೊರೆಯುತ್ತದೆ. ರಾತ್ರಿ ರೌಂಡ್ಸಿಗೆ ಹೋದರೆ ಎರಡು ರಗ್ಗು ಸೇರಿಸಿ ಒಂದರೊಳಗೆ ಇಬ್ಬರು, ಕೆಲವೊಮ್ಮೆ ಮೂವರು, ಹಣೆಗೆ ಹಣೆ ತಾಗಿಸಿಕೊಂಡು ಗುಸುಗುಸು ಮಾತಾಡುತ್ತಲೇ ನಿದ್ದೆ ಹೋಗಿರುತ್ತಾರೆ. ಇಬ್ಬರ ಜಡೆಯೂ ಬಿಚ್ಚಿ ಒಂದೇ ದಿಂಬಿನ ಮೇಲೆ ಹರಡಿರುತ್ತದೆ, ಯಾವ ಕೂದಲು ಯಾರದ್ದು ಅಂತ ಹೇಳಲಾಗುವುದಿಲ್ಲ. ಹೇನಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಬೇಕೇ? ಅಷ್ಟೂ ಬೆಡ್‌ಶೀಟು ಕುದಿಸಿ ಕೊಟ್ಟರೂ ಅದೇ ರಾತ್ರಿ ಹೇನು ಈ ತಲೆಯಿಂದ ಆ ತಲೆಗೆ ದಾಟಿರುತ್ತದೆ.

ಬೇರೆ ಬೇರೆ ಮಲಗಿ ಎಂದರೆ ಮಕ್ಕಳು ಕೇಳುವುದಿಲ್ಲ, ಊರು ಬಿಟ್ಟು ಬಂದ ಐದನೇ ಕ್ಲಾಸಿನ ಹುಡುಗಿಗೆ ಹಾಗೆ ಹೇಳಲು ನನಗೂ ಮನಸ್ಸು ಬರುವುದಿಲ್ಲ. ಅದಕ್ಕೆ ತಲೆಗಳನ್ನು ತಿರುಗಿಸಿದೆವು. ಒಬ್ಬಳ ತಲೆ ಈ ಕಡೆ, ಪಕ್ಕದವಳ ತಲೆ ಆ ಕಡೆ. ಅಲ್ಲೊಂದು ತಕರಾರು ಬಂತು. ನಮ್ಮ ಹಾಸಿಗೆಗಳ ಸಾಲು ಇದ್ದದ್ದು ಉತ್ತರ ದಕ್ಷಿಣವಾಗಿ. ಹೀಗೆ ತಿರುಗಿಸಿದರೆ ಅರ್ಧ ಮಕ್ಕಳ ತಲೆ ಉತ್ತರಕ್ಕೆ ಬರುತ್ತದೆ. ಉತ್ತರಕ್ಕೆ ತಲೆ ಹಾಕಿ ಯಾವ ಮನೆಯಲ್ಲಿ ಮಲಗಿಸುತ್ತಾರೆ? ಪೋಷಕರ ಫೋನ್ ಬರುವುದಕ್ಕೆ ತಡವಾಗಲಿಲ್ಲ. ಅವರ ಜೊತೆ ವಾದ ಮಾಡುವುದಕ್ಕಿಂತ ಹಾಸಿಗೆಗಳನ್ನೇ ಪೂರ್ವ ಪಶ್ಚಿಮಕ್ಕೆ ತಿರುಗಿಸಿ ಹಾಕಿದೆವು, ರೂಮಿನಲ್ಲಿ ಓಡಾಡುವ ಜಾಗ ಸ್ವಲ್ಪ ಕಡಿಮೆಯಾಯಿತು ಅಷ್ಟೆ. "ಅಕ್ಕನ ಕಾಲು ವಾಸನೆ ಮೇಡಂ" ಅನ್ನುವ ದೂರು ಈಗಲೂ ಬರುತ್ತದೆ. ಕಾಲು ತೊಳೆದು ಮಲಗಲು ಅದೂ ಒಂದು ನೆಪ. ಮಲಗುವಾಗ ಎಲ್ಲರೂ ಜಡೆ ಬಿಗಿಯಾಗಿ ಹೆಣೆದುಕೊಂಡಿರಬೇಕು, ದಿಂಬು ಹಂಚಿಕೊಳ್ಳುವ ಹಾಗಿಲ್ಲ. ಪ್ರತಿ ಗವುಸಿನ ಮೂಲೆಯಲ್ಲಿ ಬಣ್ಣದ ದಾರದಿಂದ ಅವರವರ ಗುರುತು ಹೊಲಿಸಿದ್ದೇವೆ. ದೊಡ್ಡ ಹುಡುಗಿಯರು ಮಲ್ಲಿಗೆ ಮೊಗ್ಗು ಕಸೂತಿ ಮಾಡಿಕೊಂಡಿದ್ದಾರೆ.

ಹೇನು ಸಿಕ್ಕ ಹುಡುಗಿಯನ್ನು ವರಾಂಡದಲ್ಲಿ ಒಂಟಿಯಾಗಿ ಮಲಗಿಸುವ ಪದ್ಧತಿ ಹಲವು ಕಡೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಮೊದಲ ಸಲ ಹೇನಾದ ತಲೆಯಲ್ಲಿ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಕೆರೆದುಕೊಂಡು ಸಿಕ್ಕಿಬಿದ್ದವಳು ಮೊದಲಿನವಳೇ ಆಗಿರಬೇಕೆಂದಿಲ್ಲ, ತಿಂಗಳಿಂದ ಅವಳ ಪಕ್ಕ ಮಲಗಿದವರನ್ನು ಬಿಟ್ಟು ಅವಳೊಬ್ಬಳಿಗೆ ಶಿಕ್ಷೆ ಯಾಕೆ?

ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಬೆಳಕಿಗೆ ಬೆನ್ನು ಮಾಡಿ ಕೂರಿಸುತ್ತೇವೆ. ಭುಜದ ಮೇಲೆ ಬಿಳಿ ಟವೆಲು, ಪಕ್ಕದಲ್ಲಿ ಸೋಪಿನ ನೀರಿನ ಸ್ಟೀಲ್ ಬಟ್ಟಲು. ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ ಬುಡದಿಂದ ತುದಿವರೆಗೆ ಸೀರಣಿಗೆ ಎಳೆದು, ಪ್ರತಿ ಸಲ ಹಳೆ ಬಿಳಿ ಪಂಚೆಯ ತುಂಡಿಗೆ ಒರೆಸಿ ನೋಡುವುದು. ಎಳ್ಳುಕಾಳಿನಷ್ಟಿರುವ ಕಂದು ಹೇನು ಆ ಬಿಳಿಯ ಮೇಲೆ ತಕ್ಷಣ ಕಾಣುತ್ತದೆ. ಕಿವಿ ಹಿಂದೆ, ಕತ್ತಿನ ಮೇಲೆ ಜಾಸ್ತಿ. ಹೊಟ್ಟಾದರೆ ಊದಿದರೆ ಹಾರುತ್ತದೆ, ಸೀರು ಉಗುರಿನಿಂದ ಎಳೆದರೂ ಜಗ್ಗುವುದಿಲ್ಲ. ಬುಡದಿಂದ ಒಂದು ಸೆಂಟಿಮೀಟರಿಗಿಂತ ದೂರದಲ್ಲಿರುವ ಬಿಳಿ ಸೀರು ಹೆಚ್ಚಾಗಿ ಒಡೆದುಹೋದ ಸಿಪ್ಪೆ, ಅದನ್ನು ನೋಡಿ ಹೌಹಾರಬೇಕಾಗಿಲ್ಲ. ಔಷಧಿ ಬೇಕೆನಿಸಿದರೆ ಆಸ್ಪತ್ರೆಯಲ್ಲಿ ಕೇಳಿ ಶೇ 1ರ ಪರ್ಮೆಥ್ರಿನ್ ಲೋಷನ್. ಅದು ಸೀರನ್ನು ಪೂರ್ತಿ ಕೊಲ್ಲುವುದಿಲ್ಲ, ಹಾಗಾಗಿ ಒಂಬತ್ತನೇ ದಿನದ ಹೊತ್ತಿಗೆ ಎರಡನೇ ಸಲ. ಈ ಎರಡನೇ ಸಲ ಬಿಟ್ಟವರೇ ಆಮೇಲೆ "ಹಾಸಿಗೆಯಿಂದ ಮತ್ತೆ ಬಂತು" ಅನ್ನುವುದು.

ಸೀಮೆಎಣ್ಣೆ, ಟೊಮೆಟೊಗೆ ಹೊಡೆಯುವ ಔಷಧಿ ತಲೆಗೆ ಮುಟ್ಟಿಸಲೇಬೇಡಿ. ತೋಟದ ಔಷಧಿ ನೆತ್ತಿಯ ಚರ್ಮದಿಂದ ಒಳಗಿಳಿದು ಮಗುವಿನ ಪ್ರಾಣ ತೆಗೆಯಬಲ್ಲದು. ಹಾಸಿಗೆಗೆ ಹಿಂದೆ ಎಗ್ಗಿಲ್ಲದೆ ಎರಚುತ್ತಿದ್ದ ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧಿಸಿದ್ದಾರೆ. ದಿಂಬಿನೊಳಗೆ ನುಸಿಗುಳಿಗೆ ತುರುಕುವುದೂ ಬೇಡ. ಬೇವಿನ ಸೊಪ್ಪು ಇಟ್ಟರೆ ಇಡಲಿ, ತೊಂದರೆಯಿಲ್ಲ.

ಶಿಡ್ಲಘಟ್ಟದ ಕಡೆಯ ಮಕ್ಕಳಿಗೆ ಇನ್ನೊಂದು ಮಾತು ಹೇಳಿ ಕಳಿಸುತ್ತೇನೆ. ಆ ಮನೆಗಳಲ್ಲಿ ರೇಷ್ಮೆ ಹುಳು ಇರುತ್ತದೆ. ಪರ್ಮೆಥ್ರಿನ್ ಸೊಳ್ಳೆ ಬತ್ತಿಯ ಔಷಧಿಯ ಕುಲದ್ದೇ, ರೇಷ್ಮೆ ಹುಳುವಿಗೆ ಆ ಕುಲವೇ ವಿಷ. ಲೋಷನ್ ಹಚ್ಚಿದ ವಾರ ಊರಿಗೆ ಹೋದರೆ ಟವೆಲು, ದಿಂಬು ಹುಳುಮನೆಗೆ ಒಯ್ಯಬಾರದು, ತಲೆ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಬಾರದು. ಅಪ್ಪಂದಿರು ಇದನ್ನು ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ.

ಈ ವರ್ಷದ ಬೇಡಿಕೆ ಪಟ್ಟಿಯಲ್ಲಿ ಸ್ಪ್ರೇ ಡಬ್ಬಿಗಳನ್ನು ಹೊಡೆದುಹಾಕಿ, ಲೋಹದ ಹಲ್ಲಿನ ಸೀರಣಿಗೆ ರೂಮಿಗೊಂದು, ದಿಂಬಿನ ಗವುಸು ಮಗುವಿಗೆ ಇನ್ನೊಂದೊಂದು ಎಂದು ಬರೆದು ಕಳಿಸಿದ್ದೇನೆ. ಸೀರಣಿಗೆ ಮಂಜೂರಾಗಿದೆ. ಗವುಸಿನ ಫೈಲು ಇನ್ನೂ ಓಡಾಡುತ್ತಿದೆ.