ಚೀಟಿ ಕಳೆದುಕೊಂಡ ಮೂರು ಕುಂಡಗಳು

ಕೊಲ್ಹಾಪುರ
ಆಗಸ್ಟ್ 22, 2025, ಶುಕ್ರವಾರ

ಬೆಳಗ್ಗೆ ಏಳೂವರೆಗೆ ತೋಟಕ್ಕೆ ನೀರು ಹಾಕುವ ಮಾವಶಿ ಫೋನ್. "ತಂಗೀ, ನಿನ್ನ ಕಂದೀಲು ಹತ್ಯಾವ. ಲಗೂನ ಬಾ." ಚಹಾ ಅರ್ಧಕ್ಕೆ ಬಿಟ್ಟು ತೋಟಕ್ಕೆ ಓಡಿದೆ.

ಶಿವಾಜಿ ವಿಶ್ವವಿದ್ಯಾಲಯದ ಈ ಸಸ್ಯೋದ್ಯಾನ ಹೆಸರಾದದ್ದೇ ಸೆರೋಪೀಜಿಯಾ ಬಳ್ಳಿಗಳಿಂದ. ಎಸ್.ಆರ್. ಯಾದವ ಸರ್ ಮತ್ತು ಅವರ ವಿದ್ಯಾರ್ಥಿಗಳು ಸಹ್ಯಾದ್ರಿ ಸುತ್ತಿ ತಂದು ಬೆಳೆಸಿದವು. ಹೂವು ಥೇಟ್ ಪುಟ್ಟ ಲಾಂದ್ರದ ಹಾಗೆ, ಅದಕ್ಕೇ ಮರಾಠಿಯಲ್ಲಿ ಕಂದೀಲ ಪುಷ್ಪ. ನಮ್ಮ ಎಕ್ಕದ ಗಿಡದ ನೆಂಟ ಇದು, ಬೀಜಕ್ಕೆ ಅದೇ ರೇಷ್ಮೆಯಂಥ ಎಳೆ.

ನನ್ನ ಎಡವಟ್ಟು ಮೇ ತಿಂಗಳದ್ದು. ಬೇಸಿಗೆಯಲ್ಲಿ ಬಳ್ಳಿ ಒಣಗಿ ಗಡ್ಡೆ ಮಾತ್ರ ಉಳಿದಿರುತ್ತದೆ. ಮಣ್ಣು ಬದಲಿಸಲು ಮೂರು ಕುಂಡಗಳ ಚೀಟಿ ತೆಗೆದು ಕಟ್ಟೆಯ ಮೇಲಿಟ್ಟೆ. ಮಧ್ಯಾಹ್ನ ಗಾಳಿ ಮಳೆ ಬಂತು, ಚೀಟಿ ಹಾರಿಹೋದವು. ರಿಜಿಸ್ಟರಿನಲ್ಲಿ ಮೂರರ ವಿವರವೂ ಇದೆ. ಒಂದು ಒಕ್ಯುಲೇಟಾ ಜಾತಿಯ ಸೆರೋಪೀಜಿಯಾ. ಎರಡು ಹಿರ್ಸೂಟಾ ಜಾತಿಯವು, ಪನ್ಹಾಳದ ಕಡೆಯದೊಂದು, ಬೆಳಗಾವಿ ಕಡೆಯದೊಂದು. ಯಾವುದು ಯಾವ ಕುಂಡದಲ್ಲಿದೆ ಅನ್ನೋದೇ ಗೊತ್ತಿಲ್ಲ. ಎಲೆ ನೋಡಿ ಹೇಳುವಷ್ಟು ಕಣ್ಣು ನನಗಿನ್ನೂ ಬಂದಿಲ್ಲ. ಹೂವಿಗಾಗಿ ಮೂರು ತಿಂಗಳು ಕಾದೆ.

ಮಧ್ಯದ ಕುಂಡದ ಹೂವಿನಲ್ಲಿ ಕಣ್ಣಿನಂಥ ಕಪ್ಪು ಮಚ್ಚೆ. ಒಕ್ಯುಲೇಟಾ! ಅನುಮಾನವೇ ಇಲ್ಲ.

ಬೇರೊಂದು ಬಳ್ಳಿಯಲ್ಲಿ ನಿನ್ನೆ ಅರಳಿದ್ದ ಒಂದು ಹೂವನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಬುಡದ ಉಬ್ಬಿನಲ್ಲಿ ಎರಡು ಸಣ್ಣ ನೊಣ, ಜೀವಂತ. ವಾಸನೆಗೆ ಬಂದು ಕೊಳವೆಯೊಳಗೆ ಜಾರುತ್ತವೆ. ಕೂದಲುಗಳೆಲ್ಲ ಒಳಮುಖವಾಗಿರುವುದರಿಂದ ಹತ್ತಿ ಬರಲಾಗದು. ಒಳಗೆ ಪರಾಗದ ಗಂಟು ಬಾಯಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಕೂದಲು ಬಾಡುತ್ತವೆ, ಹೂವು ಬಾಗುತ್ತದೆ, ನೊಣ ಬಿಡುಗಡೆ. ಹೊರಬಂದದ್ದು ಮತ್ತೆ ಪಕ್ಕದ ಹೂವಿಗೇ ಹೋಗಿ ಬೀಳುತ್ತದೆ. ಬುದ್ಧಿ ಬರೋದಿಲ್ಲ ಅಲ್ವಾ? ಬಂದಿದ್ದರೆ ಈ ಬಳ್ಳಿಗೆ ಕಾಯಿಯೇ ಕಟ್ಟುತ್ತಿರಲಿಲ್ಲ.

ಉಳಿದೆರಡು ಕುಂಡಗಳ ಹೂವೂ ಅರಳಿವೆ. ಎರಡೂ ಹಿರ್ಸೂಟಾ, ಒಂದೇ ಥರ. ಪನ್ಹಾಳ ಯಾವುದು, ಬೆಳಗಾವಿ ಯಾವುದು? ಹೂವು ಜಾತಿ ಹೇಳುತ್ತದೆ, ಊರು ಹೇಳುವುದಿಲ್ಲ. ಮೇ ತಿಂಗಳಲ್ಲೇ ಇದು ಹೊಳೆಯಬೇಕಿತ್ತು. ಎಂದಾದರೂ ಗುಡ್ಡಕ್ಕೆ ವಾಪಸ್ ನೆಡುವುದಾದರೆ ಆಯಾ ಗುಡ್ಡದ್ದನ್ನೇ ನೆಡಬೇಕು. ಇವೆರಡು ಇನ್ನು ಆ ಕೆಲಸಕ್ಕೆ ಬಾರವು. ಸರ್‌ಗೆ ಹೇಳಿದೆ. ಬೈಯಲಿಲ್ಲ. ಎರಡರ ಮುಂದೂ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಗಣಪತಿ ಹಬ್ಬದ ಮಾತು. ಬುಧವಾರದಿಂದ ಮಾವಶಿ ಊರಿಗೆ, ಗಡಹಿಂಗ್ಲಜ ಕಡೆ. ಅವರು ಬರುವ ತನಕ ನೀರು ಹಾಕುವ ಪಾಳಿ ನನ್ನದೇ. ಭಾಕರಿ ಜೊತೆ ಕಾರೆಳ್ಳಿನ ಚಟ್ನಿ ಕೊಟ್ಟರು. ಚಿಕ್ಕವರಿದ್ದಾಗ ದನ ಕಾಯಲು ಹೋದಾಗ ಇದೇ ಗಡ್ಡೆ ಅಗೆದು ತಿನ್ನುತ್ತಿದ್ದರಂತೆ. ಹಾಗೆ ಅಗೆದಗೆದೇ ಕೆಲವು ಕಡೆ ಬಳ್ಳಿ ಕಡಿಮೆಯಾಗಿದೆ. ಈಗ ಅದೇ ಕೈ ದಿನಾ ನೀರು ಹಾಕುತ್ತದೆ. ಯಾವ ಗಡ್ಡೆ ಎಷ್ಟು ಆಳದಲ್ಲಿದೆ ಅಂತ ಅವರಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ನನ್ನ ಸಪ್ಪೆ ಮುಖ ನೋಡಿ ಅಂದರು, "ಊರ ಗೊತ್ತಿಲ್ಲದ್ದು ಎರಡ ಅದಾವಲ್ಲ, ಅವನ್ನ ನನಗ ಕೊಡು. ಹಬ್ಬಕ್ಕ ಬೇಯಿಸ್ತೀನಿ."

ತಮಾಷೆಗೇ ಅಂದಿದ್ದು. ಆದರೂ ಸಂಜೆ ಹೊರಡುವ ಮುಂಚೆ ಆ ಎರಡು ಕುಂಡ ಎತ್ತಿ ಮೇಲಿನ ಕಟ್ಟೆಗಿಟ್ಟೆ. ಚೀಟಿ ಈ ಸಲ ತಂತಿಯಿಂದ ಬಿಗಿದಿದ್ದೇನೆ.